ಕಾಮಾಲೆಗೆ ಮದ್ದಿಗಿಂತ ಮೊದಲು ರಕ್ತಪರೀಕ್ಷೆಯಾಗಲಿ

ಮಾನ್ಯ ಸಂಪಾದಕರೇ,

ಕಣ್ಣು ಹಳದಿಯಾದ ಕೂಡಲೇ ನೆಲನೆಲ್ಲಿಯ ರಸ ಕುಡಿಸುವುದು, ಉಪ್ಪು, ಎಣ್ಣೆ ಬಿಡಿಸಿ ಪಥ್ಯ ಹಿಡಿಸುವುದು, ಕೆಲವೆಡೆ ಬರೆ ಹಾಕಿಸುವುದು ನಮ್ಮ ರಾಜ್ಯದಲ್ಲಿ ಇಂದಿಗೂ ನಡೆದೇ ಇದೆ. ಹೀಗೆ ಮಾಡಿದವರಲ್ಲಿ ಹೆಚ್ಚಿನವರು ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಕಲುಷಿತ ನೀರು, ಆಹಾರದಿಂದ ಹರಡುವ ಹೆಪಟೈಟಿಸ್ (ಯಕೃತ್ತಿನ ಉರಿಯೂತ) ಎ ಮತ್ತು ಇ ಸೋಂಕುಗಳು ಬಹುತೇಕ ತಾವಾಗಿಯೇ ವಾಸಿಯಾಗುವಂಥವು. ಆದರೆ ವಾಸಿಯಾದ ಕೀರ್ತಿ ಮದ್ದಿಗೆ ಸಲ್ಲುವುದರಿಂದ, ಅದೇ ನಂಬಿಕೆಯಲ್ಲಿ ಬಿ ಅಥವಾ ಸಿ ಸೋಂಕು ತಗುಲಿದವರೂ ಪರೀಕ್ಷೆ ಮಾಡಿಸಿಕೊಳ್ಳದೆ ಉಳಿದುಬಿಡುತ್ತಾರೆ.

ಎ ಮತ್ತು ಇ ಸೋಂಕುಗಳನ್ನೂ ಹಗುರವಾಗಿ ಕಾಣುವಂತಿಲ್ಲ. 1955–56ರಲ್ಲಿ ದೆಹಲಿಯ ಕುಡಿಯುವ ನೀರಿಗೆ ಚರಂಡಿ ನೀರು ಸೇರಿ ಸುಮಾರು 29,000 ಮಂದಿಗೆ ಕಾಮಾಲೆಯಾಯಿತು. ಅದು ಇ ವೈರಾಣುವಿನ ಹಾವಳಿಯೆಂದು ತಿಳಿದದ್ದು ಎಷ್ಟೋ ವರ್ಷಗಳ ನಂತರ. ಗರ್ಭಿಣಿಯರಿಗೆ, ವಿಶೇಷವಾಗಿ ಕೊನೆಯ ಮೂರು ತಿಂಗಳಲ್ಲಿ, ಈ ಸೋಂಕು ತಗುಲಿದರೆ ಸಾವಿನ ಪ್ರಮಾಣ ಶೇ 20ರಿಂದ 25ರವರೆಗೂ ಏರಬಹುದು. ಆದ್ದರಿಂದ ಬಸುರಿಯ ಕಾಮಾಲೆಗೆ ಮನೆಮದ್ದು ಮಾಡುತ್ತಾ ಒಂದು ದಿನವನ್ನೂ ಕಳೆಯಬಾರದು.

ಬಿ ಮತ್ತು ಸಿ ರಕ್ತದ ಮೂಲಕ, ಶುದ್ಧೀಕರಿಸದ ಸೂಜಿಗಳಿಂದ, ತಾಯಿಯಿಂದ ಮಗುವಿಗೆ ಹರಡುತ್ತವೆ. ಲೈಂಗಿಕ ಸಂಪರ್ಕದಿಂದ ಹರಡುವುದು ಮುಖ್ಯವಾಗಿ ಬಿ. ಗುಜರಾತಿನ ಮೊಡಾಸಾದಲ್ಲಿ 2009ರಲ್ಲಿ ಬಿ ಸೋಂಕು ಹಲವರ ಜೀವ ತೆಗೆದದ್ದು ಬಳಸಿದ ಸಿರಿಂಜುಗಳನ್ನೇ ಮತ್ತೆ ಬಳಸಿದ್ದರಿಂದ. ಈ ಎರಡೂ ವೈರಾಣುಗಳು ಕಣ್ಣು ಹಳದಿಯಾಗಿಸದೆಯೇ ವರ್ಷಗಟ್ಟಲೆ ಯಕೃತ್ತಿನಲ್ಲಿ ಅಡಗಿದ್ದು, ಸಿರೋಸಿಸ್ (ಯಕೃತ್ತು ಗಾಯದ ಕಲೆಗಟ್ಟಿ ಗಡುಸಾಗುವುದು) ಅಥವಾ ಕ್ಯಾನ್ಸರ್‌ಗೆ ದಾರಿ ಮಾಡುತ್ತವೆ. ಡಿ ವೈರಾಣು ಬಿ ಇದ್ದವರನ್ನಷ್ಟೇ ಕಾಡುತ್ತದೆ.

ಚಿಕಿತ್ಸೆಯಲ್ಲಿ ಬಿ ಮತ್ತು ಸಿಗಳ ದಾರಿ ಬೇರೆ ಬೇರೆ. ಸಿ ಸೋಂಕಿಗೆ ಲಸಿಕೆಯಿಲ್ಲ, ಆದರೆ ಸಾಮಾನ್ಯವಾಗಿ 12 ವಾರ ಮಾತ್ರೆ ನುಂಗಿದರೆ ಶೇ 95ಕ್ಕೂ ಹೆಚ್ಚು ಮಂದಿ ಪೂರ್ಣ ಗುಣವಾಗುತ್ತಾರೆ. ಬಿ ಸೋಂಕಿಗೆ ಉತ್ತಮ ಲಸಿಕೆಯಿದೆ, ಆದರೆ ದೀರ್ಘಕಾಲೀನವಾದ ಮೇಲೆ ಅದನ್ನು ಬೇರುಸಹಿತ ಕೀಳುವುದು ಅಪರೂಪ. ಅಗತ್ಯವಿದ್ದವರಿಗೆ ಟೆನೊಫೋವಿರ್‌ನಂಥ ಔಷಧವನ್ನು ವರ್ಷಾನುಗಟ್ಟಲೆ ಕೊಟ್ಟು ಹತೋಟಿಯಲ್ಲಿಡಬೇಕಾಗುತ್ತದೆ. ಹುಟ್ಟುವಾಗಲೇ ಸೋಂಕು ತಗುಲಿದ ಶಿಶುಗಳಲ್ಲಿ ಸುಮಾರು ಶೇ 90ರಷ್ಟು ಮಂದಿಗೆ ಅದು ಜೀವನಪೂರ್ತಿ ಉಳಿಯುವ ಕಾರಣ, ಹೆರಿಗೆಯಾದ 24 ಗಂಟೆಯೊಳಗೆ ಮೊದಲ ಲಸಿಕೆ ಬೀಳಲೇಬೇಕು. ಮನೆಯಲ್ಲಿ ಹೆರಿಗೆಯಾದಾಗ ತಪ್ಪಿಹೋಗುವುದು ಈ ಲಸಿಕೆಯೇ. ಸೋಂಕಿರುವ ತಾಯಿಯ ಮಗುವಿಗೆ ಜೊತೆಯಲ್ಲಿ ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯಗಳ) ಚುಚ್ಚುಮದ್ದೂ ಬೇಕು. ಬಿ ಸೋಂಕಿನವರೊಡನೆ ಕೂತು ಉಂಡರೆ, ಮೈ ಮುಟ್ಟಿದರೆ ರೋಗ ಅಂಟುವುದಿಲ್ಲ. ಅವರನ್ನು ಪಂಕ್ತಿಯಿಂದ ಎಬ್ಬಿಸುವುದು ಅನ್ಯಾಯ.

2018ರಲ್ಲಿ ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಪರೀಕ್ಷೆಯೂ ಔಷಧವೂ ಉಚಿತವಾಗಿವೆ. ಅವು ಯಾವ ಆಸ್ಪತ್ರೆಯಲ್ಲಿ ದೊರೆಯುತ್ತವೆ ಎಂಬ ಫಲಕವನ್ನು ಆರೋಗ್ಯ ಇಲಾಖೆಯು ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಕನ್ನಡದಲ್ಲಿ ಹಾಕಿಸಬೇಕು. ತಮ್ಮ ಪತ್ರಿಕೆಯೂ ಕಾಮಾಲೆ ಹರಡಿದ ಸುದ್ದಿ ಪ್ರಕಟಿಸುವಾಗ ಅದು ಯಾವ ವೈರಾಣುವಿನಿಂದ ಬಂದದ್ದೆಂದು ಅಧಿಕಾರಿಗಳನ್ನು ಕೇಳಿ ಬರೆಯಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಓರ್ವ ಓದುಗ, ಶಿವಮೊಗ್ಗ