ಸ್ತ್ರೀವಾದ ಮತ್ತು ಮಾನವೋತ್ತರ ಚಿಂತನೆ: ಮುಂದಿನ ಚರ್ಚೆಗೆ ಮುನ್ನ

ಆತ್ಮೀಯ ಸದಸ್ಯರೇ,

ಮಾನವೋತ್ತರ ಚಿಂತನೆಯೆಂದರೆ ಯಂತ್ರಮಾನವರ ಭವಿಷ್ಯವನ್ನು ಊಹಿಸುವುದು ಎಂಬ ಅಭಿಪ್ರಾಯ ಗುಂಪಿನಲ್ಲಿ ಮತ್ತೆ ಮತ್ತೆ ಬರುತ್ತಿರುವುದರಿಂದ ಈ ಸೂಚನೆ. ಅದು ನಿಜವಾಗಿ, ಮನುಷ್ಯನೆಂದರೆ ಯಾರು ಎಂಬ ಹಳೆಯ ಕಲ್ಪನೆಯನ್ನು ಪ್ರಶ್ನಿಸಿ ಅದರಾಚೆಗೆ ಯೋಚಿಸುವ ಚಿಂತನೆ. ಮನುಷ್ಯನನ್ನೇ ಎಲ್ಲದರ ಕೇಂದ್ರದಲ್ಲಿಟ್ಟ ಯುರೋಪಿನ ಮಾನವತಾವಾದವು ಸಾರ್ವತ್ರಿಕ ಮನುಷ್ಯನೆಂದು ಮುಂದಿಟ್ಟ ಮಾದರಿಯು ವಾಸ್ತವದಲ್ಲಿ ಬಿಳಿಯ, ಆಸ್ತಿವಂತ ಗಂಡಸಿನದು ಎಂಬುದನ್ನು ಸ್ತ್ರೀವಾದಿಗಳು ತೋರಿಸಿಕೊಟ್ಟರು. ಆ ಮಾದರಿಯನ್ನು ದಾಟಿ ಯೋಚಿಸುವ ದಾರಿ ಬಹುಮಟ್ಟಿಗೆ ಅಲ್ಲಿಂದಲೇ ತೆರೆಯಿತು.

ಅಮೆರಿಕದ ಸ್ತ್ರೀವಾದಿ ಚಿಂತಕಿ ಡೊನ್ನಾ ಹ್ಯಾರವೇ ಅವರು 1985ರ ಸೈಬಾರ್ಗ್ (ಜೀವಿ ಮತ್ತು ಯಂತ್ರ ಬೆರೆತ ರೂಪ) ಪ್ರಣಾಳಿಕೆಯಲ್ಲಿ ಮನುಷ್ಯ ಮತ್ತು ಪ್ರಾಣಿ, ಜೀವಿ ಮತ್ತು ಯಂತ್ರ ಇವುಗಳ ನಡುವಿನ ಗಡಿಗಳು ಸಡಿಲಗೊಂಡಿರುವುದನ್ನು ಗುರುತಿಸಿ, ಹೆಣ್ಣೆಂದರೆ ಪ್ರಕೃತಿ ಎಂಬ ಹಳೆಯ ಸಮೀಕರಣವನ್ನು ನಿರಾಕರಿಸಿದರು. ಏಷ್ಯಾದ ಕಾರ್ಖಾನೆಗಳಲ್ಲಿ ಎಲೆಕ್ಟ್ರಾನಿಕ್ ಚಿಪ್ ತಯಾರಿಸುವ ಹೆಣ್ಣುಮಕ್ಕಳ ದುಡಿಮೆಯೂ ಆ ಬರಹದಲ್ಲಿದೆ; ಓದುವಾಗ ದಯವಿಟ್ಟು ಆ ಭಾಗವನ್ನು ಹಾರಿಸಬೇಡಿ, ಸಿದ್ಧಾಂತವು ನೆಲಕ್ಕೆ ತಾಗುವುದು ಅಲ್ಲಿಯೇ. ದೇಹವಿಲ್ಲದೆಯೂ ಪ್ರಜ್ಞೆ ಉಳಿಯಬಲ್ಲದೆಂಬ ಕಲ್ಪನೆಯನ್ನು ಅಮೆರಿಕದ ಸಾಹಿತ್ಯ ವಿಮರ್ಶಕಿ ಕ್ಯಾಥರೀನ್ ಹೇಲ್ಸ್ 1999ರಲ್ಲಿ ವಿವರವಾಗಿ ಪ್ರಶ್ನಿಸಿದರು.

ಮನುಷ್ಯರೆಂಬ ಮನ್ನಣೆಯನ್ನೇ ಪಡೆಯದವರಿಗೆ ಮನುಷ್ಯತ್ವವನ್ನು ದಾಟಿ ಬನ್ನಿ ಎನ್ನುವುದು ಎಷ್ಟು ನ್ಯಾಯ ಎಂಬ ಆಕ್ಷೇಪ ಕಪ್ಪು ಸ್ತ್ರೀವಾದಿ ಚಿಂತನೆಯಿಂದ ಬಂದಿದೆ. ನನ್ನ ದೃಷ್ಟಿಯಲ್ಲಿ ಇಡೀ ವಿಷಯದಲ್ಲಿ ಅತ್ಯಂತ ಗಂಭೀರವಾದ ಪ್ರಶ್ನೆ ಇದೇ ಆಗಿರುವುದರಿಂದ, ಚರ್ಚೆಯ ಹೆಚ್ಚಿನ ಸಮಯವನ್ನು ಇದಕ್ಕೇ ಮೀಸಲಿಡೋಣ. ನಿಮ್ಮ ಅಭಿಪ್ರಾಯಗಳನ್ನು ಈ ಸಂದೇಶಕ್ಕೇ ಉತ್ತರವಾಗಿ ಬರೆಯಿರಿ.