ಬಿಯರ್ ಫ್ಯಾಕ್ಟರಿ ನೀರಿನ ಹೈಡ್ರೋಜನ್: ಪೂರ್ತಿ ಲೆಕ್ಕ ಹೇಳಿ

ಸಂಪಾದಕರೇ,

ಹಸಿರು ಹೈಡ್ರೋಜನ್ ಅಂದ ಕೂಡಲೇ ಎಲ್ಲರ ಬಾಯಲ್ಲೂ ಸೋಲಾರ್, ಕರೆಂಟು ಹರಿಸಿ ನೀರು ಒಡೆಯೋ ಎಲೆಕ್ಟ್ರೋಲೈಸರ್. 2023ರ ಜನವರಿಲಿ ಕೇಂದ್ರ ಸಂಪುಟ ಒಪ್ಪಿದ 19,744 ಕೋಟಿ ರೂಪಾಯಿಯ ಹಸಿರು ಹೈಡ್ರೋಜನ್ ಮಿಷನ್ ಬಗ್ಗೆ ನಡೆಯೋ ಚರ್ಚೆನೂ ಬಹುತೇಕ ಅಷ್ಟೇ. ಬಿಯರ್ ಫ್ಯಾಕ್ಟರಿ ಕೊಳಕು ನೀರಿನಿಂದ್ಲೂ ಹೈಡ್ರೋಜನ್ ತೆಗೀಬಹುದು ಅನ್ನೋದನ್ನ ಬರೆಯೋರು ಕಮ್ಮಿ, ಬರೆದ್ರೂ ನಾಳೆನೇ ಕಾರು ಓಡುತ್ತೆ ಅನ್ನೋ ಹಾಗೆ ಬರೀತಾರೆ.

ಕೆಲಸ ನಡೆಯೋದು ಹೀಗೆ. ಆ ನೀರಲ್ಲಿ ಮಾಲ್ಟ್ ಸಕ್ಕರೆ, ಪಿಷ್ಟ, ಸತ್ತ ಯೀಸ್ಟ್ ಎಲ್ಲ ಇರುತ್ತೆ, ಅದಕ್ಕೆ ಚರಂಡಿ ನೀರು ಶುದ್ಧ ಮಾಡೋ ಪ್ಲಾಂಟಿನ ಕೆಸರು ಸೇರಿಸಿದ್ರೆ ಅದರಲ್ಲಿರೋ ನೂರಾರು ಥರದ ಬ್ಯಾಕ್ಟೀರಿಯಾ ಸೇರಿಕೊಂಡು ಅದನ್ನ ತಿಂದು ಹೈಡ್ರೋಜನ್ ಬಿಡೋಕೆ ಶುರು ಮಾಡ್ತವೆ. ತೊಂದರೆ ಏನಂದ್ರೆ ಅದರೊಳಗೇ ಮೀಥೇನ್ ಮಾಡೋ ಜೀವಿಗಳೂ ಇರ್ತವೆ, ಹುಟ್ಟಿದ ಹೈಡ್ರೋಜನ್ನನ್ನ ಅಲ್ಲೇ ನುಂಗಿಬಿಡ್ತವೆ. ಅದಕ್ಕೇ ಕೆಸರನ್ನ ಮೊದಲೇ ಚೆನ್ನಾಗಿ ಕಾಯಿಸ್ತಾರೆ. ಮೀಥೇನ್ ಜೀವಿಗಳು ಸಾಯ್ತವೆ, ಹೈಡ್ರೋಜನ್ ಕೊಡೋ ಕ್ಲಾಸ್ಟ್ರಿಡಿಯಂ ಥರದ ಬ್ಯಾಕ್ಟೀರಿಯಾ ಬೀಜಾಣು ರೂಪದಲ್ಲಿ ಉಳ್ಕೊಂಡು ಆಮೇಲೆ ಕೆಲಸಕ್ಕೆ ಇಳಿಯುತ್ತೆ. ನೀರಿನ ಪಿಎಚ್, ಅಂದ್ರೆ ಹುಳಿಯ ಅಳತೆ, 5.5ರ ಆಸುಪಾಸಲ್ಲಿ ಹಿಡಿದಿಟ್ರೆ ಇನ್ನೂ ಒಳ್ಳೇದು. ಈ ಮಿಶ್ರಣದ ಬದಲು ಒಂದೇ ತಳಿ ಬ್ಯಾಕ್ಟೀರಿಯಾ ಸಾಕೋದಾದ್ರೆ ಟ್ಯಾಂಕಿಗೆ ಬರೋ ನೀರನ್ನೆಲ್ಲ ಸ್ಟೆರಿಲೈಸ್ ಮಾಡಬೇಕು, ಫ್ಯಾಕ್ಟರಿ ಚರಂಡಿಲಿ ಅದು ಆಗೋ ಮಾತಾ?

ಈಗ ಲೆಕ್ಕ. ಒಂದು ಕೆಜಿ ಗ್ಲೂಕೋಸಿಗೆ ಈ ದಾರೀಲಿ ಸಿಗಬಹುದಾದ ಹೈಡ್ರೋಜನ್ ಥಿಯರಿ ಪ್ರಕಾರ ಹೆಚ್ಚಂದ್ರೆ 44 ಗ್ರಾಂ, ಮಿಶ್ರ ಬ್ಯಾಕ್ಟೀರಿಯಾದಿಂದ ಸಾಮಾನ್ಯವಾಗಿ ಅದರ ಅರ್ಧದ ಹತ್ರ. ಹೈಡ್ರೋಜನ್ ಕಾರು 100 ಕಿಮೀಗೆ ಸುಮಾರು ಒಂದು ಕೆಜಿ ಕುಡಿಯುತ್ತೆ, ಅಂದ್ರೆ ಪೂರ್ತಿ 44 ಗ್ರಾಂ ಸಿಕ್ಕರೂ ನಾಲ್ಕೈದು ಕಿಲೋಮೀಟರ್! ಅದೂ ಜೊತೆಗೆ ಬರೋ ಕಾರ್ಬನ್ ಡೈಆಕ್ಸೈಡನ್ನ ಬೇರ್ಪಡಿಸಿದ ಮೇಲೆ. ಮಿಕ್ಕ ಶಕ್ತಿ ಅಸಿಟಿಕ್, ಬ್ಯುಟಿರಿಕ್ ಆಸಿಡ್ ಆಗಿ ನೀರಲ್ಲೇ ಉಳಿಯುತ್ತೆ, ಆ ನೀರು ಹೊರಗೆ ಬಿಡೋಕೂ ಲಾಯಕ್ಕಲ್ಲ.

ಹಾಗಂತ ಕೈಬಿಡಬೇಕಾಗಿಲ್ಲ. ದೊಡ್ಡ ಬ್ರೂವರಿಗಳಲ್ಲಿ ಮೀಥೇನ್ ತೆಗೆಯೋ ಟ್ಯಾಂಕು ಎಷ್ಟೋ ಕಡೆ ಈಗಾಗ್ಲೇ ಇದೆ, ನೀರು ಅದಕ್ಕೆ ಹೋಗೋಕೆ ಮೊದಲು ಹೈಡ್ರೋಜನ್ನಿಗೊಂದು ಸಣ್ಣ ಟ್ಯಾಂಕು ಇಟ್ಟು, ಉಳಿದ ಆಸಿಡ್ ನೀರನ್ನ ಮೀಥೇನ್ ಟ್ಯಾಂಕಿಗೆ ಬಿಡ್ಲಿ, ಎರಡೂ ಗ್ಯಾಸನ್ನ ಅಲ್ಲೇ ಬಾಯ್ಲರ್‌ಗೆ ಹಾಕ್ಲಿ. ಕಾರಿನ ಕನಸು ಆಮೇಲೆ ನೋಡೋಣ. ಇಂಥ ಪೈಲಟ್ ಪ್ಲಾಂಟಿಗೆ ಸರ್ಕಾರ ದುಡ್ಡು ಕೊಡೋದಾದ್ರೆ, ಎಷ್ಟು ಗ್ಯಾಸ್ ಬಂತು ಅನ್ನೋದರ ಜೊತೆ ಕೆಸರು ಕಾಯಿಸೋಕೆ, ಪಿಎಚ್ ಹಿಡಿಯೋಕೆ ಎಷ್ಟು ಕರೆಂಟು, ಎಷ್ಟು ಕಾಸ್ಟಿಕ್ ಸೋಡಾ ಖರ್ಚಾಯ್ತು ಅನ್ನೋದನ್ನೂ ಬಹಿರಂಗ ಮಾಡಬೇಕು ಅಂತ ಷರತ್ತು ಹಾಕ್ಲಿ.

– ಒಬ್ಬ ಓದುಗ, ಮೈಸೂರು