ಏನೂ ತಪ್ಪದ ಕಡೆ

ಚಿ. ಪುಟ್ಟಿಗೆ ಮಾವ ಮಾಡುವ ಆಶೀರ್ವಾದಗಳು.

ನಿನ್ನ ಪತ್ರ ಸೋಮವಾರವೇ ಕೈಸೇರಿತು. ಮನೆಯ ಸುದ್ದಿಯೆಲ್ಲ ನಿನ್ನ ಅಮ್ಮನೇ ಹೇಳಿರುತ್ತಾಳೆ, ಅದನ್ನು ಬಿಟ್ಟಿದ್ದೇನೆ. ನೀನು ಮಾಡಹೊರಟ ಅನಿಮೇಷನ್ ಚಿತ್ರದ ಬಗ್ಗೆ ಮೂರನೆಯ ಪುಟದ ಕೊನೆಯಲ್ಲಿ ಬರೆದ ಸಾಲು ಮಾತ್ರ ನಾಲ್ಕು ದಿನದಿಂದ ನನ್ನ ಬೆನ್ನು ಬಿಟ್ಟಿಲ್ಲ: 'ಅನಿಮೇಷನ್‌ನಲ್ಲಿ ಆಕಸ್ಮಿಕವಾಗಿ ಏನೂ ಆಗುವುದಿಲ್ಲ ಮಾವ. ಏನೂ ತಪ್ಪದ ಕಡೆ ನಿರ್ದೇಶಕಿಗೆ ಏನು ಕೆಲಸ?'

ಉತ್ತರ ಬರೆಯಲು ಕೂತು ಎರಡು ಹಾಳೆ ಹರಿದೆ.

ಹಾಲಿವುಡ್ ನಿರ್ದೇಶಕ ಗೋರ್ ವರ್ಬಿನ್‌ಸ್ಕಿ ಮಾಡಿದ್ದನ್ನು ನೋಡಿದರೆ, ನಿನ್ನ ಭಯವೇ ಆತನನ್ನೂ ಕಾಡಿರಬೇಕು ಅನ್ನಿಸುತ್ತದೆ. 'ಪೈರೇಟ್ಸ್ ಆಫ್ ದಿ ಕೆರಿಬಿಯನ್' ಸರಣಿಯ ಮೊದಲ ಮೂರು ಚಿತ್ರ ಮಾಡಿ, ಹಡಗು, ಗಾಳಿ, ಕಡಲುಗಳೊಂದಿಗೆ ಗುದ್ದಾಡಿ ಬಂದವನು ಆತ. 'ರ‍್ಯಾಂಗೋ' ಅನಿಮೇಷನ್ ಚಿತ್ರಕ್ಕೆ ಧ್ವನಿ ಕೊಡಿಸುವಾಗ ನಟರನ್ನು ಒಬ್ಬೊಬ್ಬರನ್ನಾಗಿ ಗಾಜಿನ ಕೋಣೆಗೆ ಕಳಿಸಲಿಲ್ಲ. ಜಾನಿ ಡೆಪ್ ಮೊದಲಾದವರನ್ನು ಒಂದೇ ಕಡೆ ಸೇರಿಸಿ, ಟೋಪಿ ಬಂದೂಕು ಕೊಟ್ಟು, ನಾಟಕದ ತಾಲೀಮಿನಂತೆ ಓಡಿಸಿ, ಗುದ್ದಾಡಿಸಿ ಧ್ವನಿ ಹಿಡಿದ. ತೆರೆಯ ಮೇಲಿರುವುದು ಒಂದು ಹಲ್ಲಿಯ ಜಾತಿಯ ಪ್ರಾಣಿ, ಆದರೆ ಅದರ ಏದುಸಿರು ಮನುಷ್ಯನದು. 2012ರಲ್ಲಿ ಅದಕ್ಕೆ ಆಸ್ಕರ್ ಬಂತು. ಪ್ರಶಸ್ತಿಯ ಮಾತು ಬಿಡು, ಆ ಏದುಸಿರನ್ನು ಕೇಳು.

ಇನ್ನೊಬ್ಬ ನಿರ್ದೇಶಕ ವೆಸ್ ಆಂಡರ್ಸನ್ ಇನ್ನೂ ಹಟಮಾರಿ. 2009ರ 'ಫೆಂಟಾಸ್ಟಿಕ್ ಮಿಸ್ಟರ್ ಫಾಕ್ಸ್' ಬೊಂಬೆ ಚಿತ್ರಕ್ಕೆ ನಟರನ್ನು ತೋಟದ ಮನೆಗೆ ಕರೆದೊಯ್ದು ಬಯಲಿನಲ್ಲೇ ಧ್ವನಿ ಹಿಡಿದ. ಅಂಥ ಚಿತ್ರದಲ್ಲಿ ಬೊಂಬೆಯನ್ನು ಚೂರುಚೂರೇ ಕದಲಿಸಿ ಒಂದೊಂದೇ ಫ್ರೇಮ್ ತೆಗೆಯುತ್ತಾರೆ. ಬೊಂಬೆ ನರಿಗಳಿಗೆ ತುಪ್ಪಳ ಹೊದಿಸಿದರೆ, ಒಂದೊಂದು ಫ್ರೇಮಿಗೂ ಅವನ್ನು ಕದಲಿಸುವವರ ಬೆರಳು ತಗಲಿ ಕೂದಲು ಅಲುಗಿದಂತೆ ಕಾಣುತ್ತದೆ. ಬೇರೆಯವರು ಅದನ್ನು ದೋಷವೆಂದು ಮರೆಮಾಡುತ್ತಿದ್ದರು. ಆತ ಬೇಕೆಂದೇ ಉಳಿಸಿಕೊಂಡ. ಗಾಳಿಯಿಲ್ಲದೆ ಕುದಿಯುವ ಆ ತುಪ್ಪಳವನ್ನು ಮೊದಲ ಸಲ ನೋಡಿದಾಗ ನನ್ನ ಮೈ ಜುಮ್ಮೆಂದಿತ್ತು. ಏನೂ ತಪ್ಪುವುದಿಲ್ಲ ಎನ್ನುತ್ತೀಯಲ್ಲ, ಅಲ್ಲಿ ಪ್ರತಿ ಫ್ರೇಮಿನಲ್ಲೂ ತಪ್ಪಿದೆ.

ಆದರೂ ನಿನ್ನ ಮಾತನ್ನು ಪೂರ್ತಿ ತಳ್ಳಿಹಾಕಲು ನನ್ನಿಂದ ಆಗುತ್ತಿಲ್ಲ. ನಾನು ಸಹಾಯಕನಾಗಿದ್ದಾಗ ತೀರ್ಥಹಳ್ಳಿಯ ಹತ್ತಿರ ಒಂದು ಬೀಳ್ಕೊಡುಗೆಯ ದೃಶ್ಯ ತೆಗೆಯುತ್ತಿದ್ದೆವು. ನಡುವೆ ಯಾರದೋ ಎಮ್ಮೆ ನುಗ್ಗಿತು. ನಾನು ಕೋಲು ಹಿಡಿದು ಓಡಿದೆ. ನಿರ್ದೇಶಕರು ನನ್ನ ತೋಳು ಹಿಡಿದು ನಿಲ್ಲಿಸಿದರು. ನಟಿ ಅಳು ನಿಲ್ಲಿಸದೆಯೇ ಎಮ್ಮೆಗೆ ದಾರಿ ಬಿಟ್ಟುಕೊಟ್ಟಳು. ಇಡೀ ಚಿತ್ರದಲ್ಲಿ ಉಳಿದದ್ದು ಅದೊಂದೇ. ಅಂಥ ಎಮ್ಮೆಯನ್ನು ಕಂಪ್ಯೂಟರಿನವರಿಗೆ ಹೇಳಿ ಮಾಡಿಸುವುದು ಹೇಗೆ? ನಾಲ್ಕು ದಿನದಿಂದ ಇದನ್ನೇ ಯೋಚಿಸುತ್ತಿದ್ದೇನೆ.

ನಿನಗೆ ಹೇಳದ ಒಂದು ಸಂಗತಿ ಇದೆ. ಆ ಚಿತ್ರವಾದ ಮರುವರ್ಷ ಮುಂಬೈಯಿಂದ ನನಗೊಂದು ಕರೆ ಬಂದಿತ್ತು, ಮಕ್ಕಳಿಗಾಗಿ ಕಾರ್ಟೂನ್ ಕಿರುಚಿತ್ರಗಳನ್ನು ನಿರ್ದೇಶಿಸಲು. 'ಗೆರೆ ಎಳೆಯುವವರಿಗೆ ನಾನೇನು ಆಕ್ಷನ್ ಹೇಳಲಿ' ಎಂದು ದೊಡ್ಡ ಮಾತು ಬರೆದು ಕಳಿಸಿದೆ. ಎಮ್ಮೆಗಾಗಿ ಕಾದೆ. ಅದು ಇನ್ನೊಮ್ಮೆ ಬರಲಿಲ್ಲ. ಬಂದದ್ದು ಡಬ್ಬಿಂಗ್ ಥಿಯೇಟರಿನಲ್ಲಿ ರಿಜಿಸ್ಟರ್ ಬರೆಯುವ ಕೆಲಸ. ನಿನ್ನ ಸಾಲು ನನ್ನನ್ನು ಇಷ್ಟು ಕಲಕಿದ್ದು ಅದಕ್ಕೇ ಇರಬೇಕು. ಅದು ನನ್ನದೇ ಕೈಬರಹದಂತಿತ್ತು.

ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ. ಆದರೂ, ಸಾಧ್ಯವಾದರೆ ಧ್ವನಿ ಕೊಡುವವರನ್ನು ಒಟ್ಟಿಗೆ ಕೂರಿಸು, ಅಲ್ಲ, ನಿಲ್ಲಿಸು. ಅನಿಮೇಷನ್‌ನಲ್ಲಿ ಸಂಕಲನ ಮೊದಲು, ಚಿತ್ರೀಕರಣ ಆಮೇಲೆ. ದೃಶ್ಯಗಳನ್ನು ಗೆರೆಯಲ್ಲಿ ಬಿಡಿಸಿಕೊಳ್ಳುವ ಸ್ಟೋರಿಬೋರ್ಡಿನಲ್ಲೇ ಬೇಕಾದಷ್ಟು ಅಳಿಸಿ ಬರೆ, ಆಮೇಲೆ ಅಳಿಸಿದರೆ ತಿಂಗಳುಗಟ್ಟಲೆ ದುಡಿದವರ ಬೆವರು ವ್ಯರ್ಥ. ಎಷ್ಟು ಸಲ ಬದಲಿಸಬಹುದೆಂದು ಕರಾರಿನಲ್ಲಿ ಬರೆಸಿಕೋ. ಇದು ನಿನಗೆ ಗೊತ್ತಿರುತ್ತದೆ, ಬಿಡು.

'ಮ್ಯಾಡ್ ಮ್ಯಾಕ್ಸ್' ಮಾಡಿದ ಜಾರ್ಜ್ ಮಿಲ್ಲರ್ 2006ರಲ್ಲಿ 'ಹ್ಯಾಪಿ ಫೀಟ್' ಮಾಡಿದನಲ್ಲ, ಅದರ ಪೆಂಗ್ವಿನ್‌ನ ಕುಣಿತ ಸೇವಿಯನ್ ಗ್ಲೋವರ್ ಎಂಬ ನರ್ತಕನ ಕಾಲಿನದು, ಆತನ ಚಲನೆಯನ್ನೇ ಕಂಪ್ಯೂಟರಿನಲ್ಲಿ ಹಿಡಿದು ಹಕ್ಕಿಗೆ ತೊಡಿಸಿದ್ದು. ಕಾಲು ಸುಳ್ಳಲ್ಲ, ಪುಟ್ಟಿ. ಹಕ್ಕಿ ಮಾತ್ರ ಸುಳ್ಳು. ಎಮ್ಮೆಯ ಪ್ರಶ್ನೆಗೆ ಇದು ಅರ್ಧ ಉತ್ತರವಾದೀತೇನೋ.

ನಿನ್ನ ಕಥೆಯಲ್ಲಿ ಮುದಿ ಆಮೆಯೊಂದಿದೆ ಎಂದಿದ್ದೆ. ಅದಕ್ಕೆ ಕೆಮ್ಮು ಬೇಕಿದ್ದರೆ ಬೇಗ ತಿಳಿಸು. ನನ್ನದು ಈಗ ಹದಕ್ಕೆ ಬಂದಿದೆ, ಡಾಕ್ಟರು ಕೊಟ್ಟ ಔಷಧಿ ಇನ್ನೂ ಶುರುಮಾಡಿಲ್ಲ.

ಇಂತಿ,
ನಿನ್ನ ಮಾವ